ಸ್ಲೈಡಿಂಗ್ ಕಿಟಕಿ ಬಿಗಿಯಾಗಿದೆಯೇ? ಎಣ್ಣೆ ಡಬ್ಬಿಗೆ ಮೊದಲು ಬ್ರಷ್ ಹಿಡಿಯಿರಿ

ಈ ವಾರ ಗೊಬ್ಬರದ ಮಾತಿಲ್ಲ, ರೋಗದ ಮಾತೂ ಇಲ್ಲ. ಕಿಟಕಿಯ ಮಾತು. ಕೃಷಿ ಲೇಖನದಲ್ಲಿ ಕಿಟಕಿಗೇನು ಕೆಲಸ ಅಂತ ಅನ್ನಿಸಬಹುದು. ಆದರೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಎದ್ದ ಹೊಸ ಮನೆಗಳನ್ನು ನೋಡಿ. ಹಲಸಿನ ಮರದ, ಮತ್ತಿ ಮರದ ಕಿಟಕಿಗಳ ಜಾಗದಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳು ಬಂದಿವೆ. ಅಡುಗೆಮನೆಗೆ ಅದೇ, ಬೀಜ ಇಡುವ ಕೋಣೆಗೆ ಅದೇ, ಅಡಿಕೆ ಮೂಟೆ ಪೇರಿಸುವ ಕೋಣೆಗೂ ಅದೇ. ಗೆದ್ದಲು ಹತ್ತುವುದಿಲ್ಲ, ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬಣ್ಣ ಹೊಡೆಯುವ ಕೆಲಸವಿಲ್ಲ. ಎಲ್ಲ ಸರಿ. ನಾಲ್ಕೈದು ವರ್ಷ ಕಳೆದ ಮೇಲೆ ಮಾತ್ರ ಅದು ಸರಿಯುವುದೇ ಇಲ್ಲ.

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಾಗೇ ಆಯಿತು. ಅಮ್ಮನಿಗೆ ಅರವತ್ತೈದು ದಾಟಿದೆ, ಬಲಭುಜ ನೋವು. ಕಿಟಕಿ ಎಳೆಯಲು ಹೋಗಿ, "ಅದ್ಯಾವ ಕಿಟ್ಕಿನೋ ಮಾರಾಯ, ಎತ್ತು ಕಟ್ಟಿ ಎಳೀಬೇಕು" ಅಂತ ಬೈದು, ಆಮೇಲೆ ಎಳೆಯುವುದನ್ನೇ ಬಿಟ್ಟರು. ಸೌದೆ ಒಲೆಯೂ ಅದೇ ಕೋಣೆಯಲ್ಲಿ. ಬೆಳಗ್ಗೆ ಬಚ್ಚಲಿಗೆ, ದೋಸೆಗೆ, ದನದ ಕಲಗಚ್ಚಿಗೆ ಅಂತ ಎರಡು ಗಂಟೆ ಬೆಂಕಿ ಉರಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹೊಗೆಯೆಲ್ಲ ಹೋಗುವುದು ಅಲ್ಲಿ ನಿಂತವರ ಎದೆಯೊಳಕ್ಕೇ. ಗಟ್ಟಿಮುಟ್ಟಾದ ಮಗ ಬಂದರೆ ಮಾತ್ರ ತೆರೆಯುವ ಕಿಟಕಿ, ದಿನವಿಡೀ ಮನೆಯಲ್ಲಿರುವ ಅಮ್ಮನ ಪಾಲಿಗೆ ಗೋಡೆಯೇ. ಗ್ಯಾಸ್ ಸೋರಿದ ವಾಸನೆ ಬಂದಾಗ ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ತೆರೆಯಲು ಬರಬೇಕಲ್ಲ!

ಒಳ್ಳೆಯ ಸುದ್ದಿ ಏನೆಂದರೆ, ಇದಕ್ಕೆ ಹೆಚ್ಚಿನ ಸಲ ಫ್ಯಾಬ್ರಿಕೇಶನ್‌ನವರನ್ನು ಪೇಟೆಯಿಂದ ಕರೆಸುವ ಅಗತ್ಯವಿಲ್ಲ. ಅರ್ಧ ದಿನದ ಕೆಲಸ, ನಾವೇ ಮಾಡಿಕೊಳ್ಳಬಹುದು.

ಕಿಟಕಿ ಸರಿಯುವುದು ಹೇಗೆ?

ಮೊದಲು ರಚನೆ ಅರ್ಥ ಮಾಡಿಕೊಳ್ಳೋಣ. ಗೋಡೆಗೆ ಕೂತಿರುವುದು ಫ್ರೇಮ್. ಅದರ ಕೆಳಭಾಗದಲ್ಲಿ ಎದ್ದು ನಿಂತ ಸಣ್ಣ ಏಣುಗಳಿವೆ, ರೈಲಿನ ಹಳಿ ಇದ್ದ ಹಾಗೆ. ಇದನ್ನೇ ಟ್ರ್ಯಾಕ್ ಅನ್ನುವುದು. ಎರಡು ಗಾಜಿನ ಶಟರ್ ಇದ್ದರೆ ಎರಡು ಟ್ರ್ಯಾಕ್, ಸೊಳ್ಳೆ ಜಾಲರಿಯೂ ಇದ್ದರೆ ಮೂರು. ಪ್ರತಿ ಶಟರಿನ ಅಡಿಯಲ್ಲಿ, ಎರಡು ತುದಿಗೆ ಒಂದೊಂದರಂತೆ ಪುಟ್ಟ ಚಕ್ರಗಳಿವೆ. ಅಂಗಡಿಯಲ್ಲಿ ಇದಕ್ಕೆ ಬೇರಿಂಗ್ ಅಥವಾ ರೋಲರ್ ಅನ್ನುತ್ತಾರೆ. ಶಟರಿನ ಅಂಚಿಗೆ ಕೂದಲಿನಂಥ ಪಟ್ಟಿ ಅಂಟಿಸಿರುತ್ತಾರೆ. ಧೂಳು, ಗಾಳಿ ಒಳಗೆ ಬರದಂತೆ ತಡೆಯುವುದು ಅದರ ಕೆಲಸ. ಫ್ರೇಮಿನ ಹೊರಬದಿಯ ಕೆಳಗೆ ಒಂದೆರಡು ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಹೊರಹೋಗುವ ದಾರಿ ಅದು.

ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಚಕ್ರ ಟ್ರ್ಯಾಕಿನ ಮೇಲೆ ಉರುಳಬೇಕು, ಜಾರಬಾರದು. ಎತ್ತಿನಗಾಡಿಗೆ ಕೀಲೆಣ್ಣೆ ಹಾಕುವುದು ಚಕ್ರದ ಅಚ್ಚಿಗೆ. ದಾರಿಗೆ ಯಾರೂ ಎಣ್ಣೆ ಸುರಿಯುವುದಿಲ್ಲ. ಕಿಟಕಿಗೂ ಅದೇ ನಿಯಮ. ಟ್ರ್ಯಾಕ್ ಚೊಕ್ಕಟವಾಗಿರಬೇಕು, ಚಕ್ರದ ಅಚ್ಚು ಸಲೀಸಾಗಿರಬೇಕು. ಟ್ರ್ಯಾಕ್ ತುಂಬ ಎಣ್ಣೆ ಸುರಿದವರ ಮನೆಯಲ್ಲಿ ಎರಡು ತಿಂಗಳಿಗೆ ಕಿಟಕಿ ಮೊದಲಿಗಿಂತ ಬಿಗಿಯಾಗುವುದು ಇದೇ ಕಾರಣಕ್ಕೆ. ಧೂಳು ಎಣ್ಣೆಗೆ ಅಂಟಿ ರಾಡಿಯಾಗುತ್ತದೆ, ರಾಡಿ ಒಣಗಿ ಸಿಮೆಂಟಿನಂತಾಗುತ್ತದೆ.

ಕಾರಣ ಪತ್ತೆ ಮಾಡಿ

ಗಿಡ ಬಾಡಿದಾಗ ನೀರು ಕಮ್ಮಿಯೋ, ಬೇರು ಕೊಳೆತಿದೆಯೋ ಅಂತ ನೋಡದೆ ಔಷಧಿ ಹೊಡೆಯುತ್ತೇವೆಯೇ? ಇಲ್ಲೂ ಹಾಗೆಯೇ. ಮೂರು ಪರೀಕ್ಷೆ ಸಾಕು.

1. ಶಟರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಳ್ಳಿ. ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ಕಲ್ಲೋ, ಗಾರೆಯ ತುಣುಕೋ ಇದೆ, ಇಲ್ಲವೇ ಟ್ರ್ಯಾಕ್ ನುಗ್ಗಾಗಿದೆ.

2. ಎರಡೂ ಕೈಯಿಂದ ಶಟರನ್ನು ಸ್ವಲ್ಪವೇ ಮೇಲಕ್ಕೆ ಎತ್ತಿ ಹಿಡಿದು ಸರಿಸಿ. ಎತ್ತಿದಾಗ ಹಗುರವಾಗಿ ಸರಿದು, ಬಿಟ್ಟಾಗ ಕಚ್ಚಿಕೊಂಡರೆ ಚಕ್ರದ ತೊಂದರೆ. ಚಕ್ರ ತಿರುಗುತ್ತಿಲ್ಲ ಅಥವಾ ಸವೆದು ಶಟರಿನ ತಳವೇ ಟ್ರ್ಯಾಕಿಗೆ ಉಜ್ಜುತ್ತಿದೆ.

3. ಟೇಪು ಹಿಡಿದು ಫ್ರೇಮಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಇನ್ನೊಂದು ಕರ್ಣವನ್ನೂ ಅಳೆಯಿರಿ. ಎರಡೂ ಸಮ ಇರಬೇಕು. ಎದ್ದು ಕಾಣುವಷ್ಟು ವ್ಯತ್ಯಾಸವಿದ್ದರೆ ಗೋಡೆ ಕುಸಿದು ಫ್ರೇಮ್ ಸೊಟ್ಟಗಾಗಿದೆ ಅಂತ ಅರ್ಥ. ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ ಕಟ್ಟಿದ ಮನೆಗಳಲ್ಲಿ ಇದು ಆಗುವುದುಂಟು. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ, ಕೆಲಸ ಬಲ್ಲವರನ್ನೇ ಕರೆಸಬೇಕು.

ನಾನು ನೋಡಿದ ಮಟ್ಟಿಗೆ ಹಳ್ಳಿಮನೆಗಳಲ್ಲಿ ಮೊದಲ ಎರಡೇ ಹೆಚ್ಚು. ಅದಕ್ಕೆ ನಮ್ಮ ಕೆಲಸದ ರೀತಿಯೇ ಕಾರಣ. ಬೇಸಿಗೆಯಲ್ಲಿ ರಸ್ತೆಯ ಕೆಂಪುಧೂಳು, ಭತ್ತ ತೂರುವಾಗಿನ ಹೊಟ್ಟು, ಅಡಿಕೆ ಸುಲಿಯುವ ದಿನಗಳಲ್ಲಿ ಹಾರುವ ಸಿಪ್ಪೆಯ ನಾರು. ಈ ನಾರು ಚಕ್ರದ ಅಚ್ಚಿಗೆ ದಾರದಂತೆ ಸುತ್ತಿಕೊಳ್ಳುತ್ತದೆ. ಇದರ ಜೊತೆಗೆ ಕುಂಬಾರ ಹುಳ ಟ್ರ್ಯಾಕಿನ ಮೂಲೆಯಲ್ಲೋ ನೀರಿನ ತೂತಿನಲ್ಲೋ ಮಣ್ಣಿನ ಗೂಡು ಕಟ್ಟಿರುತ್ತದೆ. ಮನೆ ಕಟ್ಟಿದಾಗ ಬಿದ್ದ ಗಾರೆ ಹಾಗೇ ಗಟ್ಟಿಯಾಗಿರುತ್ತದೆ. ಹೊಸ ಫ್ರೇಮಿಗೆ ಅಂಟಿಸಿ ಬರುವ ಪ್ಲಾಸ್ಟಿಕ್ ಪಟ್ಟಿಯನ್ನು ಎಷ್ಟೋ ಮನೆಯಲ್ಲಿ ಕಿತ್ತೇ ಇರುವುದಿಲ್ಲ. ಬಿಸಿಲಿಗೆ ಅದು ಪುಡಿಪುಡಿಯಾಗಿ ಟ್ರ್ಯಾಕಿಗೆ ಉದುರುತ್ತದೆ.

ಬೋರ್ಡೊ, ಸುಣ್ಣ ಮತ್ತು ಅಲ್ಯೂಮಿನಿಯಂ

ಇದು ತೋಟದವರು ತಿಳಿದಿರಲೇಬೇಕಾದ ವಿಷಯ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಅಂತ ನಾವು ನಂಬಿದ್ದೇವೆ. ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಗಾಳಿ ತಾಗಿದ ಕೂಡಲೇ ಅದರ ಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆದು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಈ ಪೊರೆ ಗಟ್ಟಿಯಾಗಿ ನಿಲ್ಲುವುದು ರಸಸಾರ, ಅಂದರೆ ಪಿಎಚ್, ಸುಮಾರು 4ರಿಂದ 8.5ರ ಒಳಗಿದ್ದಾಗ ಮಾತ್ರ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಹೆಚ್ಚು. ಅದು ಪೊರೆಯನ್ನು ಕರಗಿಸಿ ಲೋಹವನ್ನೇ ತಿನ್ನುತ್ತದೆ. ಹಸಿ ಸಿಮೆಂಟೂ ಹಾಗೆಯೇ.

ಇನ್ನು ಮೈಲುತುತ್ತ. ಕೊಳೆರೋಗಕ್ಕೆ ಶೇ. 1ರ ಬೋರ್ಡೊ ಮಾಡುವಾಗ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕುತ್ತೇವೆ. ದ್ರಾವಣ ಸರಿಯಾಗಿದೆಯೇ ಅಂತ ನೋಡಲು ಹೊಳೆಯುವ ಕತ್ತಿಯನ್ನೋ ಚಾಕುವನ್ನೋ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆಗ ಆಗಿದ್ದೇನು? ನೀರಿನಲ್ಲಿದ್ದ ತಾಮ್ರ ಕಬ್ಬಿಣವನ್ನು ಕರಗಿಸಿ ತಾನು ಅಲ್ಲಿ ಕೂತಿತು. ಇದೇ ಕೆಲಸವನ್ನು ತಾಮ್ರ ಅಲ್ಯೂಮಿನಿಯಂ ಮೇಲೂ ಮಾಡುತ್ತದೆ. ಆ ಚಾಕುವಿನ ಜಾಗದಲ್ಲಿ ನಿಮ್ಮ ಕಿಟಕಿಯ ಟ್ರ್ಯಾಕನ್ನು ಇಟ್ಟು ನೋಡಿ. ಸುಣ್ಣ ಹೆಚ್ಚಾದರೆ ಸುಣ್ಣ ತಿನ್ನುತ್ತದೆ, ಕಮ್ಮಿಯಾದರೆ ತಾಮ್ರ ತಿನ್ನುತ್ತದೆ. ಟ್ರ್ಯಾಕಿನ ಮೇಲೆ ಗುಳಿಬಿದ್ದು ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಲೋಹ ಸವೆದ ಗುರುತು. ಗುಳಿಬಿದ್ದ ಹಳಿಯ ಮೇಲೆ ಚಕ್ರ ಉರುಳುವುದಾದರೂ ಹೇಗೆ?

ಆದ್ದರಿಂದ ಬೋರ್ಡೊ ಡ್ರಮ್ಮು, ಮೈಲುತುತ್ತದ ಚೀಲ, ಸುಣ್ಣದ ಗುಡಾಣ ಯಾವುದನ್ನೂ ಕಿಟಕಿಯ ಬುಡದಲ್ಲಿ ಇಡಬೇಡಿ. ದೋಟಿಯನ್ನೋ ಸ್ಪ್ರೇ ಪೈಪನ್ನೋ ಕಿಟಕಿಯ ಮೂಲಕ ಒಳಗೆ ತೂರಿಸುವ ಅಭ್ಯಾಸವಿದ್ದರೆ ಬಿಡಿ. ಕಿಟಕಿಗೆ ಹನಿ ಸಿಡಿದರೆ ಅದೇ ದಿನ ಧಾರಾಳ ನೀರಿನಿಂದ ತೊಳೆಯಿರಿ. ಸಾವಯವದವರಿಗೆ ಇದು ಬೇಡದ ಮಾತು ಅಂದುಕೊಳ್ಳಬೇಡಿ. ಸಾವಯವದಲ್ಲೂ ಮಿತಿಯೊಳಗೆ ಬೋರ್ಡೊ ಬಳಕೆಗೆ ಅವಕಾಶವಿದೆ, ಸುಣ್ಣವಂತೂ ಎಲ್ಲರ ಮನೆಯಲ್ಲೂ ಇದೆ.

ಬೇಕಾಗುವ ಸಾಮಾನು

ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದಿಂಚಿನ ಬಣ್ಣದ ಬ್ರಷ್ಷು, ತುದಿ ಚೂಪು ಮಾಡಿದ ಬಿದಿರಿನ ಕಡ್ಡಿ, ಹತ್ತಿಬಟ್ಟೆಯ ಚೂರುಗಳು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಉಗುರುಬೆಚ್ಚಗಿನ ನೀರು, ಸ್ಟಾರ್ ಸ್ಕ್ರೂಡ್ರೈವರ್, ಒಂದು ಡಬ್ಬಿ ಸಿಲಿಕೋನ್ ಸ್ಪ್ರೇ.

ಅಂಗಡಿಯಲ್ಲಿ ಬರೀ "ಸಿಲಿಕೋನ್ ಕೊಡಿ" ಅಂದರೆ ಗಾಜು ಅಂಟಿಸುವ ಸೀಲಂಟ್ ಟ್ಯೂಬು ಕೊಟ್ಟಾರು. ಅದನ್ನು ಹಾಕಿದರೆ ಕಿಟಕಿ ಶಾಶ್ವತವಾಗಿ ಮುಚ್ಚಿದಂತೆಯೇ! "ಸಿಲಿಕೋನ್ ಲೂಬ್ರಿಕೆಂಟ್ ಸ್ಪ್ರೇ" ಅಂತ ಸ್ಪಷ್ಟವಾಗಿ ಕೇಳಿ.

ಕೆಲಸದ ಕ್ರಮ

ಒಂದು: ಮೊದಲು ಒಣ ಕೆಲಸ. ನೀರು ಮುಟ್ಟಿಸಬೇಡಿ. ಧೂಳಿಗೆ ನೀರು ತಾಗಿದರೆ ಕೆಸರಾಗಿ ಚಕ್ರದೊಳಗೆ ಹೋಗುತ್ತದೆ. ಬಣ್ಣದ ಬ್ರಷ್ಷಿನಿಂದ ಧೂಳನ್ನು ಒಂದು ಮೂಲೆಗೆ ಗುಡಿಸಿ ಬಟ್ಟೆಯಲ್ಲಿ ಎತ್ತಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಚೆನ್ನ. ಹುಳದ ಗೂಡು, ಗಾರೆಯ ತುಣುಕುಗಳನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಕತ್ತಿ, ಉಳಿ, ಕಬ್ಬಿಣದ ಸ್ಕ್ರಬ್ಬರ್ ಬೇಡ. ಮೇಲಿನ ಪೊರೆ, ಬಣ್ಣ ಕೆರೆದುಹೋಗುತ್ತದೆ.

ಎರಡು: ಶಟರ್ ಇಳಿಸಿ. ಇದಕ್ಕೆ ಇಬ್ಬರು ಬೇಕೇಬೇಕು. 2 ಅಡಿ ಅಗಲ, 4 ಅಡಿ ಎತ್ತರದ, 5 ಮಿ.ಮೀ. ದಪ್ಪದ ಗಾಜೊಂದೇ 9 ಕೆ.ಜಿ.ಗೆ ಮೇಲೆ ತೂಗುತ್ತದೆ. ಅದರ ಮೇಲೆ ಚೌಕಟ್ಟಿನ ಭಾರ ಬೇರೆ. ಲಾಕ್ ತೆಗೆದು, ಶಟರನ್ನು ನಡುವಿಗೆ ತಂದು, ಇಬ್ಬರೂ ಎರಡು ಬದಿ ಹಿಡಿದು ನೇರ ಮೇಲಕ್ಕೆ ಎತ್ತಿ. ತಳ ಟ್ರ್ಯಾಕಿನಿಂದ ಮೇಲೆ ಬಂದಾಗ ಕೆಳಗಿನ ಅಂಚನ್ನು ಕೋಣೆಯ ಒಳಗೆ ಎಳೆದು ಇಳಿಸಿ. ಕಳ್ಳರು ಹೊರಗಿನಿಂದ ಎತ್ತದಂತೆ ಕೆಲವು ಕಿಟಕಿಗಳಲ್ಲಿ ಮೇಲೆ ತಡೆ ಇರುತ್ತದೆ. ಅದರ ಸ್ಕ್ರೂ ಮೊದಲು ಬಿಚ್ಚಿ. ಒಳಗೆ ಗ್ರಿಲ್ ಅಡ್ಡ ಬಂದು ಶಟರ್ ಹೊರಡದಿದ್ದರೆ ಒತ್ತಾಯ ಮಾಡಬೇಡಿ. ಮಹಡಿಯ ಕಿಟಕಿಯಾಗಿದ್ದು ಹೊರಬದಿಗೆ ಗ್ರಿಲ್ ಇಲ್ಲದಿದ್ದರೆ ಈ ಹೆಜ್ಜೆಯನ್ನೇ ಬಿಟ್ಟು ಉಳಿದದ್ದು ಮಾಡಿ. ಮಕ್ಕಳು ಹತ್ತಿರ ಇರಬಾರದು. ಇಳಿಸಿದ ಶಟರನ್ನು ಗೋಣಿಚೀಲದ ಮೇಲೆ, ಗೋಡೆಗೆ ಒರಗಿಸಿಡಿ.

ಮೂರು: ಟ್ರ್ಯಾಕ್ ತೊಳೆಯಿರಿ. ಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೋಪು ಸಾಕು. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿತ್ತಾಳೆಗೆ ಹುಣಸೆಹಣ್ಣು, ಪಾತ್ರೆಗೆ ಬೂದಿ ಹಾಕುವ ರೂಢಿ ನಮ್ಮದು. ಕಿಟಕಿಗೆ ಎರಡೂ ಬೇಡ. ಬೂದಿ ಕ್ಷಾರ, ಹುಣಸೆ ಹುಳಿ, ಎರಡೂ ಆ ಪೊರೆಗೆ ಆಗದು. ಬಚ್ಚಲು ತೊಳೆಯುವ ಆ್ಯಸಿಡ್, ಬ್ಲೀಚಿಂಗ್ ಪೌಡರ್, ಬಟ್ಟೆ ಸೋಡಾ ಇವುಗಳ ಸಹವಾಸವೂ ಬೇಡ.

ನಾಲ್ಕು: ನೀರಿನ ತೂತು ಬಿಡಿಸಿ. ಬಿದಿರಿನ ಕಡ್ಡಿಯಿಂದ ಚುಚ್ಚಿ, ಒಂದು ಲೋಟ ನೀರು ಟ್ರ್ಯಾಕಿಗೆ ಹಾಕಿ ಹೊರಗೆ ಹೋಗಿ ನೋಡಿ. ಧಾರೆಯಾಗಿ ಇಳಿದರೆ ಸರಿ. ಇಳಿಯದಿದ್ದರೆ ಮಳೆಗಾಲದಲ್ಲಿ ಆ ನೀರು ಒಳಗಿನ ಗೋಡೆಗೇ ಬರುತ್ತದೆ. ಬೀಜದ ಕೋಣೆಯಲ್ಲಂತೂ ಇದು ದೊಡ್ಡ ನಷ್ಟ. ತೇವ ಕುಡಿದ ಬೀಜ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ, ಬೂಷ್ಟು ಬರುತ್ತದೆ.

ಐದು: ಚಕ್ರ ನೋಡಿ. ಶಟರಿನ ತಳದ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸುತ್ತಿಕೊಂಡ ನಾರು, ಕೂದಲು ಸಣ್ಣ ಚಿಮುಟದಿಂದ ಎಳೆಯಿರಿ. ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ತೊಳೆಯಬೇಡಿ. ಗಾಜಿನ ಸುತ್ತಲ ರಬ್ಬರ್ ಹಾಳಾಗುತ್ತದೆ, ಬೆಂಕಿಯ ಅಪಾಯ ಬೇರೆ. ಚಕ್ರ ಒಂದು ಕಡೆ ಚಪ್ಪಟೆಯಾಗಿದ್ದರೆ, ಒಡೆದಿದ್ದರೆ, ಅಚ್ಚಿನಲ್ಲಿ ಲಡಲಡ ಅಂದರೆ ಬದಲಿಸುವುದೇ ಸರಿ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಚಕ್ರದ ಅಳತೆ, ಅದನ್ನು ಹಿಡಿದ ಗೂಡಿನ ಅಗಲ ಎರಡೂ ಕೂಡಬೇಕು. ಬದಲಿಸುವಾಗ ಒಂದು ಶಟರಿನ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಶಟರ್ ವಾಲುತ್ತದೆ.

ಆರು: ಈಗ ಎಣ್ಣೆ, ಅಂದರೆ ಸಿಲಿಕೋನ್. ಎಲ್ಲ ಪೂರ್ತಿ ಒಣಗಿರಬೇಕು. ಚಕ್ರದ ಅಚ್ಚಿಗೆ ಒಂದೇ ಒಂದು ಚಿಕ್ಕ ಪಿಚಕಾರಿ. ಚಕ್ರ ತಿರುಗಿಸಿ ಒಳಗೆ ಇಳಿಯಲು ಬಿಡಿ. ಟ್ರ್ಯಾಕಿಗೆ ನೇರ ಸ್ಪ್ರೇ ಬೇಡ. ಬಟ್ಟೆಗೆ ಸ್ವಲ್ಪ ಹೊಡೆದು ಆ ಬಟ್ಟೆಯಿಂದ ಏಣಿನ ಮೇಲೆ ಒಮ್ಮೆ ಒರೆಸಿದರೆ ಸಾಕು. ಅಂಚಿನ ಕೂದಲಿನ ಪಟ್ಟಿಗೂ, ಮೇಲಿನ ಟ್ರ್ಯಾಕಿಗೂ ಅದೇ ಬಟ್ಟೆ ತಾಗಿಸಿ. ಒಲೆ ಉರಿಯುವಾಗ ಸ್ಪ್ರೇ ಮಾಡಬೇಡಿ, ಡಬ್ಬಿಯಲ್ಲಿರುವ ಅನಿಲಕ್ಕೆ ಬೆಂಕಿ ಹತ್ತುತ್ತದೆ. ನೆಲಕ್ಕೆ ಬಿದ್ದರೆ ತಕ್ಷಣ ಸೋಪುನೀರಲ್ಲಿ ಒರೆಸಿ. ಟೈಲ್ಸ್ ಮೇಲೆ ಸಿಲಿಕೋನ್ ಅಂದರೆ ಪಾಚಿಗಿಂತ ಜಾರಿಕೆ. ಭುಜ ಕಾಪಾಡಲು ಹೋಗಿ ಸೊಂಟ ಮುರಿಸಿಕೊಳ್ಳುವುದು ಬೇಡ.

ಏಳು: ಶಟರ್ ಮತ್ತೆ ಕೂರಿಸಿ. ಮೊದಲು ಮೇಲಿನ ಅಂಚು, ಆಮೇಲೆ ತಳ. ಹತ್ತು ಸಲ ಆಚೀಚೆ ಸರಿಸಿ, ಹೊರಬಂದ ಕಪ್ಪು ರಾಡಿ ಒರೆಸಿ. ಕೆಲವು ಕಿಟಕಿಗಳಲ್ಲಿ ಶಟರಿನ ಬದಿಯ ಕೆಳಭಾಗದಲ್ಲಿ ತೂತೊಂದಿದ್ದು ಒಳಗೆ ಸ್ಕ್ರೂ ಕಾಣುತ್ತದೆ. ಅದನ್ನು ತಿರುಗಿಸಿದರೆ ಚಕ್ರ ಏರಿಳಿಯುತ್ತದೆ. ಕಾಲು ಸುತ್ತು ತಿರುಗಿಸಿ, ಸರಿಸಿ ನೋಡಿ, ಮತ್ತೆ ಕಾಲು ಸುತ್ತು. ಶಟರ್ ತಳ ಟ್ರ್ಯಾಕಿಗೆ ತಾಗದಂತೆ, ಲಾಕ್ ನೇರ ಕೂರುವಂತೆ ಎರಡೂ ಬದಿ ಸಮ ಮಾಡಿ.

ಮನೆಯಲ್ಲಿರುವ ಎಣ್ಣೆ ಆಗದೇ?

ಇದನ್ನು ತುಂಬ ಜನ ಕೇಳುತ್ತಾರೆ. ತೆಂಗಿನೆಣ್ಣೆ ಆ ದಿನಕ್ಕೆ ಚೆನ್ನಾಗಿಯೇ ಸರಿಯುತ್ತದೆ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ಬೆಳಗಿನಲ್ಲಿ ಕೇಳುವುದೇ ಬೇಡ. ಇರುವೆಯೂ ಬರುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಟಿಲ್ಲರಿನ ಹಳೆ ಎಂಜಿನ್ ಆಯಿಲ್, ಗ್ರೀಸ್ ಧೂಳು ಹಿಡಿಯುವುದರಲ್ಲಿ ಎತ್ತಿದ ಕೈ. ಡಬ್ಲ್ಯೂಡಿ-40 ಅನ್ನುವ ನೀಲಿ ಹಳದಿ ಡಬ್ಬಿ ಎಲ್ಲರ ಮನೆಯಲ್ಲೂ ಇರುತ್ತದೆ. ಅಂಟಿದ ಜಿಡ್ಡು ಬಿಡಿಸಲು, ಕಚ್ಚಿದ ಸ್ಕ್ರೂ ಸಡಿಲಿಸಲು ಅದು ಒಳ್ಳೆಯದು, ಬಹುಕಾಲದ ನಯಕ್ಕೆ ಸಾಲದು. ಬಳಸಿದರೆ ಆಮೇಲೆ ಪೂರ್ತಿ ಒರೆಸಿ. ಪೆನ್ಸಿಲ್ ಸೀಸದ ಪುಡಿ ಹಾಕಿ ಅನ್ನುವವರಿದ್ದಾರೆ. ಅದು ಗ್ರಾಫೈಟ್. ತೇವವಿರುವಲ್ಲಿ ಅಲ್ಯೂಮಿನಿಯಂ ಜೊತೆ ಸೇರಿದರೆ ಲೋಹ ಸವೆಯುತ್ತದೆ. ಮಲೆನಾಡು, ಕರಾವಳಿಗೆ ಅದು ಬೇಡ.

ಸಿಲಿಕೋನ್ ಸಿಗದಿದ್ದರೆ ಬಿಳಿ ಮೇಣದಬತ್ತಿ ಇದೆಯಲ್ಲ, ಅದೇ ಸಾಕು. ಒಣ ಟ್ರ್ಯಾಕಿನ ಏಣಿನ ಮೇಲೆ, ಶಟರಿನ ಬದಿಗೆ ತೆಳುವಾಗಿ ಉಜ್ಜಿ, ಹೆಚ್ಚಾದದ್ದು ಒರೆಸಿ. ಚಕ್ರದ ಅಚ್ಚಿಗೆ ಅದು ತಲುಪದು, ಆದರೆ ತುರ್ತಿಗೆ ಕೆಲಸ ನಡೆಯುತ್ತದೆ.

ವರ್ಷಕ್ಕೆ ಎರಡು ಸಲ

ಒಂದು ಸಲ ಮೇ ಕೊನೆಯಲ್ಲಿ, ಮಳೆಗೆ ಮೊದಲು. ಆಗ ನೀರಿನ ತೂತು ಮುಖ್ಯ. ಇನ್ನೊಂದು ಸಲ ಆಯುಧಪೂಜೆಗೆ. ಕತ್ತಿ, ಗುದ್ದಲಿ, ಟಿಲ್ಲರ್, ಬೈಕು ಎಲ್ಲ ತೊಳೆದು ಒರೆಸುವ ಆ ದಿನಗಳಲ್ಲೇ ಟ್ರ್ಯಾಕಿಗೂ ಬ್ರಷ್ ಹಾಕಿದರೆ ಬೇರೆ ದಿನ ಹುಡುಕಬೇಕಿಲ್ಲ. ಪ್ರತಿ ಸಲವೂ ಶಟರ್ ಇಳಿಸಬೇಕಿಲ್ಲ, ಧೂಳು ತೆಗೆದು ಒರೆಸಿದರೆ ಸಾಕು. ಅಡಿಕೆ ಸುಲಿಯುವ ಜಾಗಕ್ಕೆ ಹತ್ತಿರದ ಕಿಟಕಿಗಳನ್ನು ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ನೋಡಿ.

ಕೆಲಸ ಸರಿಯಾಯಿತೇ ಅಂತ ಪರೀಕ್ಷಿಸುವಾಗ ನೀವು ತಳ್ಳಿ ನೋಡಬೇಡಿ. ಮನೆಯಲ್ಲಿ ಕೈಬಲ ಎಲ್ಲರಿಗಿಂತ ಕಮ್ಮಿ ಇರುವವರನ್ನು ಕರೆಯಿರಿ. ಅಜ್ಜಿಯೋ, ಏಳೆಂಟು ವರ್ಷದ ಮಗುವೋ ಒಂದೇ ಕೈಯಲ್ಲಿ ಸರಿಸಿದರೆ ಕೆಲಸ ಮುಗಿದಂತೆ. ಅವರಿಗೆ ಆಗದಿದ್ದರೆ ಎರಡನೇ ಪರೀಕ್ಷೆಗೆ ವಾಪಸ್ಸು ಹೋಗಿ ಚಕ್ರ ನೋಡಿ. ಮನೆಯಲ್ಲಿ ನಾಲ್ಕೈದು ಕಿಟಕಿ ಬಿಗಿಯಾಗಿದ್ದು ಒಂದಕ್ಕೆ ಮಾತ್ರ ಸಮಯ ಇದೆ ಅಂದರೆ, ಅಡುಗೆಮನೆಯದನ್ನೇ ಮೊದಲು ಹಿಡಿಯಿರಿ. ಆಮೇಲೆ ಬೀಜದ ಕೋಣೆ. ಚಾವಡಿಯದ್ದು ಮುಂದಿನ ಭಾನುವಾರಕ್ಕೆ ಆದರೂ ನಡೆಯುತ್ತದೆ.